ಯಾರ ಮೀಟರ್ ಯಾರ ಮನೆಗೆ

ಬೀಗ ಹಾಕಿದ ಮನೆಗೆ 180 ಯೂನಿಟ್ ಬಿಲ್ ಬಂದಿದೆ, ಮೀಟರ್ ಕೆಟ್ಟಿದೆ, ಹೊಸದು ಹಾಕಿಸುತ್ತೇನೆ, ಒಪ್ಪದಿದ್ದರೆ ಕೋರ್ಟಿಗೆ ಹೋಗುತ್ತೇನೆ ಅಂತ ನೀನು ಪುಣೆಯಿಂದ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿದೆ. ನಾನು ಕೇಳಿದ್ದು ಒಂದೇ ಪ್ರಶ್ನೆ. ಆ ಮೀಟರ್ ನಿನ್ನ ಮನೆಯದೇ ಅಂತ ನಿನಗೆ ಹೇಗೆ ಗೊತ್ತು? "ಮೇಲೆ 203 ಅಂತ ಬರೆದಿದೆಯಲ್ಲ ದೊಡ್ಡಮ್ಮ" ಅಂದೆ. ಬರೆದವರು ಯಾರು ಅಂತ ಕೇಳಿದರೆ ಸುಮ್ಮನಾದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಇನ್ನರ್ಧ ಸಿಟ್ಟಿನಲ್ಲಿ ಕಿವಿಗೇ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ನಾನು ಕೆಲಸಕ್ಕೆ ಸೇರಿದಾಗ ಅದು ಕೆ.ಇ.ಬಿ. 1999ರಲ್ಲಿ ಮಂಡಳಿ ಹೋಗಿ ಕೆ.ಪಿ.ಟಿ.ಸಿ.ಎಲ್. ಆಯಿತು. 2002ರಲ್ಲಿ ವಿತರಣೆ ಬೇರೆಯಾಗಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಹುಟ್ಟಿದವು. ಜನ ಮಾತ್ರ ಇವತ್ತಿಗೂ "ಕೆ.ಇ.ಬಿ.ಯವರು ಬಂದಿದ್ದರು" ಅಂತಲೇ ಹೇಳುತ್ತಾರೆ. ಹೊರಗಿನ ಬೋರ್ಡು ಎಷ್ಟು ಸಲ ಬದಲಾದರೂ ನಾನು ಕೂತಿದ್ದು ಕಂದಾಯ ಶಾಖೆಯ ಲೆಡ್ಜರುಗಳ ಮುಂದೆಯೇ. ಅಲ್ಲಿಗೆ ಬರುತ್ತಿದ್ದ ತಕರಾರುಗಳಲ್ಲಿ "ಮೀಟರ್ ಜೋರಾಗಿ ಓಡುತ್ತಿದೆ" ಅನ್ನುವುದೇ ಹೆಚ್ಚು. ಜೋರಾಗಿ ಓಡುವ ಮೀಟರ್ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬಂದವರು ಫ್ಲ್ಯಾಟಿನವರಾದರೆ ನಾನು ಮೊದಲು ಕೇಳುತ್ತಿದ್ದುದು ಪಕ್ಕದ ಮನೆಯವರಿಗೆ ಎಷ್ಟು ಬರುತ್ತಿದೆ ಅಂತ. ಬಹಳ ಸಲ ಅದರ ಉತ್ತರದಲ್ಲೇ ಕಾಯಿಲೆ ಗೊತ್ತಾಗುತ್ತಿತ್ತು.

ಒಬ್ಬರ ಮೀಟರ್ ಇನ್ನೊಬ್ಬರ ಮನೆಯನ್ನು ಅಳೆಯುವ ಈ ಕಾಯಿಲೆ ಹುಟ್ಟುವುದು ಹೇಗೆ ಅಂದರೆ, ಕಟ್ಟಡ ಮುಗಿಯುವ ಹೊತ್ತಿಗೆ ಬೇಸ್‌ಮೆಂಟಿನ ಗೋಡೆಯ ಮೇಲೆ ಇಪ್ಪತ್ತೋ ಮೂವತ್ತೋ ಮೀಟರ್ ಸಾಲಾಗಿ ಕೂತಿರುತ್ತವೆ. ಪ್ರತಿಯೊಂದರಿಂದಲೂ ಒಂದು ಜೊತೆ ತಂತಿ ಪೈಪಿನೊಳಗೆ ನುಗ್ಗಿ ಮೇಲೆ ಹೋಗುತ್ತದೆ. ಎಲ್ಲ ಪೈಪೂ ಒಂದೇ ಥರ, ಎಲ್ಲ ತಂತಿಯೂ ಅದದೇ ಬಣ್ಣ. ಎಳೆದ ಹುಡುಗ ತುದಿಗೆ ಟೇಪು ಸುತ್ತಿ ಪೆನ್ನಿನಲ್ಲಿ ಮನೆ ನಂಬರ್ ಬರೆದಿರುತ್ತಾನೆ. ಸುಣ್ಣಬಣ್ಣ ಮುಗಿಯುವಷ್ಟರಲ್ಲಿ ಟೇಪು ಉದುರಿರುತ್ತದೆ, ಹುಡುಗ ಬೇರೆ ಸೈಟಿಗೆ ಹೋಗಿರುತ್ತಾನೆ. ಇದರ ಜೊತೆಗೆ ಮನೆ ನಂಬರಿನ ಗೊಂದಲ. ನಕ್ಷೆಯಲ್ಲಿ ಎಸ್-3, ಕ್ರಯಪತ್ರದಲ್ಲಿ 203. ಲಿಫ್ಟಿನಿಂದ ಎಡಕ್ಕೆ ಎಣಿಸಬೇಕೋ ಬಲಕ್ಕೋ ಅನ್ನುವುದರಲ್ಲೇ ಬಿಲ್ಡರ್‌ಗೂ ಎಲೆಕ್ಟ್ರಿಷಿಯನ್‌ಗೂ ಹೊಂದಾಣಿಕೆ ಇರುವುದಿಲ್ಲ. ಆಮೇಲೆ ಯಾವಾಗಲೋ ಹಳೆಯ ಚಕ್ರದ ಮೀಟರ್ ತೆಗೆದು ಡಿಜಿಟಲ್ ಹಾಕುವವರು ಬರುತ್ತಾರೆ. ಒಂದೇ ಮಧ್ಯಾಹ್ನ ಇಡೀ ಸಾಲು ಬಿಚ್ಚಿ ಕಟ್ಟುವಾಗ ಎರಡು ಜೊತೆ ತಂತಿ ಅದಲುಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಎರಡೂ ಮನೆಯಲ್ಲಿ ದೀಪ ಉರಿಯುತ್ತದೆ. ಮನೆ ಕೊಳ್ಳುವಾಗ ವಾಸ್ತು ನೋಡಿದೆ, ಕಾರ್ಪೆಟ್ ಏರಿಯಾ ಟೇಪು ಹಿಡಿದು ಅಳೆಸಿದೆ. ಮೇನ್ ಆಫ್ ಮಾಡಿ ಕೆಳಗೆ ಯಾವ ಮೀಟರ್ ನಿಂತಿತು ಅಂತ ನೋಡುವವರು ಯಾರೂ ಇಲ್ಲ. ನೋಡಬೇಕು.

ಇಷ್ಟು ದಿನ ಹೊರಗೆ ಬಾರದೆ ಇದ್ದದ್ದಕ್ಕೂ ಕಾರಣ ಇದೆ. ಇಬ್ಬರ ಬಳಕೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಹತ್ತು ವರ್ಷವಾದರೂ ಯಾರಿಗೂ ಅನುಮಾನ ಬರುವುದಿಲ್ಲ. ಒಂದು ಮನೆ ಖಾಲಿಯಾದಾಗ, ಒಬ್ಬರು ಎ.ಸಿ. ಹಾಕಿಸಿದಾಗ, ಬಾಡಿಗೆದಾರರು ಬದಲಾದಾಗ ಬಿಲ್ ತಲೆಕೆಳಗಾಗುತ್ತದೆ. ಇನ್ನೊಂದು ರೀತಿಯೂ ಉಂಟು. ಪಕ್ಕದ ಮನೆಯವರು ಬಿಲ್ ಕಟ್ಟದೆ ಬಿಟ್ಟಿರುತ್ತಾರೆ, ಲೈನ್‌ಮನ್ ಬಂದು ಅವರ ನಂಬರಿನ ಫ್ಯೂಸ್ ಕೀಳುತ್ತಾನೆ, ಕತ್ತಲಾಗುವುದು ಪ್ರತಿ ತಿಂಗಳು ತಪ್ಪದೆ ಕಟ್ಟಿದವರ ಮನೆ. ಅವರು ಕೆಳಗೆ ಓಡಿ ಬಂದು ರಸೀದಿ ತೋರಿಸುತ್ತಾರೆ, ಅವನು ಪಟ್ಟಿ ತೋರಿಸುತ್ತಾನೆ, ಇಬ್ಬರದೂ ಸರಿ. ನಿನಗೆ ಆ ಪಾಡು ಬಂದಿಲ್ಲ. ಖಾಲಿ ಮನೆ ಅನ್ನುವುದು ಒಂದು ರೀತಿಯಲ್ಲಿ ಅನುಕೂಲವೇ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಆದರೆ ಬಿಲ್ ತಪ್ಪಿದ್ದೆಲ್ಲ ತಂತಿಯ ಅದಲುಬದಲೇ ಅಲ್ಲ. ಮೊದಲು ಕಾಗದ ನೋಡು. ಬಿಲ್ಲಿನಲ್ಲಿ ಆರ್.ಆರ್. ನಂಬರ್ ಇರುತ್ತದೆ, ಅಕೌಂಟ್ ಐ.ಡಿ. ಇರುತ್ತದೆ, ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಇರುತ್ತದೆ. ಮೀಟರಿನ ಮೈಮೇಲೆ ಕಾರ್ಖಾನೆಯವರು ಅಚ್ಚು ಹಾಕಿದ ಸೀರಿಯಲ್ ನಂಬರ್ ಇರುತ್ತದೆ. ಬಣ್ಣದಲ್ಲಿ ಬರೆದ 203 ಅನ್ನುವುದನ್ನು ಮರೆತುಬಿಡು, ಅದಕ್ಕೆ ಬೆಲೆ ಇಲ್ಲ. ಕಚೇರಿಯ ದಾಖಲೆಯಲ್ಲಿ ನಿನ್ನ ಆರ್.ಆರ್. ನಂಬರಿಗೆ ಯಾವ ಸೀರಿಯಲ್ ನಂಬರ್ ಇದೆ ಅನ್ನುವುದಕ್ಕೆ ಮಾತ್ರ ಬೆಲೆ. ಬಿಲ್ಲಿನ ರೀಡಿಂಗ್ ಆ ಮೀಟರಿನ ಪರದೆಯ ಅಂಕಿಗೆ ಹತ್ತಿರ ಇಲ್ಲದಿದ್ದರೆ, ಮೀಟರ್ ರೀಡರ್ ಒಬ್ಬರದನ್ನು ಇನ್ನೊಬ್ಬರಿಗೆ ಒತ್ತಿದ್ದಾನೆ ಅಥವಾ ದಾಖಲೆಯಲ್ಲೇ ಎರಡು ಮೀಟರ್ ನಂಬರ್ ಹಿಂದುಮುಂದಾಗಿವೆ. ಅದು ಪೆನ್ನಿನಲ್ಲಿ ಆದ ತಪ್ಪು, ಪೆನ್ನಿನಲ್ಲೇ ಹೋಗುತ್ತದೆ. ಎರಡೂ ತಾಳೆಯಾದರೆ ಆಗ ತಂತಿಯ ಕಡೆ ನೋಡಬೇಕು.

ದೀಪಾವಳಿಗೆ ಬರುತ್ತೀಯಲ್ಲ, ಒಂದು ಬೆಳಿಗ್ಗೆ ಅರ್ಧ ಗಂಟೆ ಇದಕ್ಕಿಡು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೊದಲು ಅದನ್ನು ಆಫ್ ಮಾಡು. ಮೇನ್ ತೆಗೆದ ಮೇಲೂ ಅದು ದೀಪ ಉರಿಸುತ್ತಾ ಇದ್ದರೆ ತಲೆ ಕೆಡುತ್ತದೆ. ಆಮೇಲೆ ಮೇನ್ ಎಂ.ಸಿ.ಬಿ. ಕೆಳಗಿಳಿಸಿ ಬೇಸ್‌ಮೆಂಟಿಗೆ ಹೋಗು. ಪ್ರತಿ ಡಿಜಿಟಲ್ ಮೀಟರಿನಲ್ಲೂ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ, ಬಳಕೆ ಹೆಚ್ಚಿದಷ್ಟೂ ಅದು ಬೇಗ ಬೇಗ ಮಿನುಗುತ್ತದೆ. ನಿನ್ನ ಮನೆಯ ಮೇನ್ ಆಫ್ ಆಗಿದ್ದೂ ನಿನ್ನದು ಅನ್ನುವ ಮೀಟರ್ ಮಿನುಗುತ್ತಲೇ ಇದ್ದರೆ ಅನುಮಾನ ಗಟ್ಟಿಯಾಯಿತು ಅಂತ ತಿಳಿ. ತೀರ್ಮಾನ ಇನ್ನೂ ಆಗಿಲ್ಲ. ಕಾರಿಡಾರಿನ ದೀಪವನ್ನೋ ನೀರಿನ ಮೋಟರನ್ನೋ ಯಾರಾದರೂ ನಿನ್ನ ತಂತಿಗೆ ಸಿಕ್ಕಿಸಿದ್ದರೂ ಹೀಗೇ ಕಾಣುತ್ತದೆ.

ಈಗ ಖಾಲಿ ಮನೆಯ ಅನುಕೂಲ. ಇಡೀ ಸಾಲಿನಲ್ಲಿ ಮಿನುಗದೆ ಸತ್ತಂತಿರುವ ಮೀಟರ್ ಯಾವುದು ನೋಡು. ತಿಂಗಳುಗಳಿಂದ ರೀಡಿಂಗ್ ಹೆಚ್ಚುಕಡಿಮೆ ಅಲುಗಾಡದೆ ಇರುವುದು ಅದೇ ಇರಬಹುದು. ಅದರ ಮುಂದೆ ಒಬ್ಬರನ್ನು ಫೋನ್ ಹಿಡಿದು ನಿಲ್ಲಿಸಿ, ನೀನು ಮೇಲೆ ಹೋಗಿ ಮೇನ್ ಹಾಕಿ ಗೀಸರ್ ಒಂದನ್ನೇ ಆನ್ ಮಾಡು. ಮೀಟರಿನ ಮೇಲೆ 3200 ಇಂಪ್ಸ್ ಅಥವಾ 1600 ಇಂಪ್ಸ್ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಒಂದು ಯೂನಿಟ್‌ಗೆ ಅಷ್ಟು ಸಲ ಮಿನುಗುತ್ತದೆ ಅಂತ ಅದರ ಅರ್ಥ. ಎರಡು ಕಿಲೋವಾಟ್ ಗೀಸರ್ ಗಂಟೆಗೆ ಎರಡು ಯೂನಿಟ್ ತಿನ್ನುತ್ತದೆ. ಅಂದರೆ 3200ರ ಮೀಟರಿನಲ್ಲಿ ನಿಮಿಷಕ್ಕೆ ಸುಮಾರು 107 ಮಿನುಗು. ಸತ್ತಂತಿದ್ದ ಮೀಟರ್ ಗೀಸರ್ ಹಾಕಿದೊಡನೆ ಆ ಲೆಕ್ಕದಲ್ಲಿ ಮಿನುಗಿ, ಆಫ್ ಮಾಡಿದೊಡನೆ ನಿಂತರೆ, ಅದೇ ನಿನ್ನ ಮೀಟರ್. ಅದರ ಮೇಲೆ 204 ಅಂತಲೇ ಬರೆದಿರಲಿ, 103 ಅಂತಲೇ ಬರೆದಿರಲಿ. ಜನ ಇರುವ ಮನೆಯಾದರೂ ಪರೀಕ್ಷೆ ಇದೇ. ಫ್ರಿಜ್ಜು ಪಂಪು ಎಲ್ಲ ತೆಗೆದು ಗೀಸರನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ಹಾಕಿ ತೆಗೆದು ನೋಡುವುದು, ಅಷ್ಟೇ.

ಇಬ್ಬರ ನಡುವೆ ಮಾತ್ರ ಅದಲುಬದಲಾಗಿದೆ ಅಂತಲೂ ಅಂದುಕೊಳ್ಳಬೇಡ. ಮದುವೆ ಚೌಲ್ಟ್ರಿಯ ಬಾಗಿಲಲ್ಲಿ ನಿನ್ನ ಚಪ್ಪಲಿ ಒಬ್ಬ ಹಾಕಿಕೊಂಡು ಹೋದರೆ ಅವನದು ಇನ್ನೊಬ್ಬನ ಕಾಲಿಗೆ ಹೋಗಿರುತ್ತದಲ್ಲ, ಹಾಗೆ 203ರ ತಂತಿ 204ಕ್ಕೆ, 204ರದು 205ಕ್ಕೆ, 205ರದು 203ಕ್ಕೆ ಹೋಗಿರಬಹುದು. ಅದಕ್ಕೆ ನಿನ್ನ ಮಹಡಿಯ ಎಲ್ಲ ಮನೆಗಳನ್ನೂ ಒಂದೊಂದಾಗಿ ನೋಡಿಬಿಡುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮ ಇದೆ, ಒಳ್ಳೆಯ ಎಲೆಕ್ಟ್ರಿಷಿಯನ್ನರೂ ಇಲ್ಲಿ ಎಡವುತ್ತಾರೆ. ಮನೆಗೆ ಹೋಗುವ ತಂತಿ ಎರಡು, ಫೇಸ್ ಮತ್ತು ನ್ಯೂಟ್ರಲ್. ಫೇಸ್ ಸರಿಯಾಗಿದ್ದು ನ್ಯೂಟ್ರಲ್ ಮಾತ್ರ ಪಕ್ಕದ ಮನೆಯದರ ಜೊತೆ ಕೂಡಿಕೊಂಡಿರಬಹುದು. ಇನ್ವರ್ಟರ್ ವೈರಿಂಗ್ ಮಾಡುವಾಗಲೋ ಕಾಮನ್ ಲೈಟಿಗೆ ಸಂಪರ್ಕ ಕೊಡುವಾಗಲೋ ಇದು ಆಗುತ್ತದೆ. ಈಗಿನ ಸಿಂಗಲ್ ಫೇಸ್ ಮೀಟರ್‌ಗಳು ಎರಡೂ ತಂತಿಯ ಕರೆಂಟನ್ನು ಅಳೆದು, ಯಾವುದು ಹೆಚ್ಚೋ ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗೆ ಮಾಡಿರುತ್ತಾರೆ. ನ್ಯೂಟ್ರಲ್ ತಪ್ಪಿಸಿ ಭೂಮಿಗೆ ಇಳಿಸಿ ಕದಿಯುವವರನ್ನು ಹಿಡಿಯಲು ಮಾಡಿದ ಉಪಾಯ ಅದು. ಕದಿಯದವರಿಗೂ ಅದರ ಏಟು ಬೀಳುತ್ತದೆ: ಪಕ್ಕದ ಮನೆಯ ಕರೆಂಟು ನಿನ್ನ ನ್ಯೂಟ್ರಲ್ಲಿನಲ್ಲಿ ವಾಪಸು ಬಂದರೆ ನಿನ್ನ ಮೀಟರ್ ಅದನ್ನೂ ಎಣಿಸುತ್ತದೆ. ಮೀಟರಿನ ಮೇಲೆ ಇ.ಎಲ್. ಅನ್ನುವ ಇನ್ನೊಂದು ದೀಪ ಸದಾ ಉರಿಯುತ್ತಿದ್ದರೆ ಈ ಕಡೆ ಯೋಚಿಸಬೇಕು. ಇದನ್ನು ನೀನಾಗಿ ಹುಡುಕಲು ಹೋಗಬೇಡ, ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಕರೆಸು. ಒಂದು ಬೆಡ್‌ರೂಮಿನ ಎ.ಸಿ. ಪಾಯಿಂಟ್ ಮಾತ್ರ ಪಕ್ಕದವರ ಲೈನಿನಲ್ಲಿರುವ ಮನೆಗಳೂ ಉಂಟು. ಎರಡು ಫ್ಲ್ಯಾಟ್ ಕೂಡಿಸಿ ಒಂದು ಮಾಡಿ ಆಮೇಲೆ ಮತ್ತೆ ಎರಡು ಮಾಡಿದ ಕಡೆ ಇದು ಸಾಮಾನ್ಯ.

ಈಗ ನೀನು ಮಾಡಲು ಹೊರಟಿದ್ದ ಕೆಲಸಕ್ಕೆ ಬರೋಣ, ಮೀಟರ್ ಪರೀಕ್ಷೆ. ಕಾನೂನು ನಿನ್ನ ಪರವಾಗಿಯೇ ಇದೆ. ಕೇಂದ್ರ ಸರ್ಕಾರ 2020ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಮಾಡಿತು. 2024ರಲ್ಲಿ ಅದಕ್ಕೆ ತಿದ್ದುಪಡಿ ತಂದು, ರೀಡಿಂಗ್ ಬಳಕೆಗೆ ತಕ್ಕಂತಿಲ್ಲ ಅಂತ ದೂರು ಕೊಟ್ಟರೆ ಐದು ದಿನದೊಳಗೆ ಇನ್ನೊಂದು ಮೀಟರ್ ಜೋಡಿಸಿ ಕನಿಷ್ಠ ಮೂರು ತಿಂಗಳು ಎರಡನ್ನೂ ತಾಳೆ ನೋಡಬೇಕು ಅಂತ ಹೇಳಿತು. ಒಳ್ಳೆಯ ನಿಯಮ. ಆದರೆ ನಿನ್ನ ಕಾಯಿಲೆಗೆ ಅದು ಮದ್ದಲ್ಲ. ತಪ್ಪು ತಂತಿಯ ಮೇಲೆ ಕೂತಿರುವ ಮೀಟರಿನ ಪಕ್ಕ, ಅದೇ ತಂತಿಗೆ ಇನ್ನೊಂದು ಮೀಟರ್ ಹಾಕಿದರೆ ಎರಡೂ ಒಂದೇ ಅಂಕಿ ತೋರಿಸುತ್ತವೆ. ಲ್ಯಾಬಿಗೆ ಕಳಿಸಿದರೂ "ಮೀಟರ್ ಸರಿ ಇದೆ" ಅಂತಲೇ ಬರೆದು ಕಳಿಸುತ್ತಾರೆ. ನಿಜವೂ ಹೌದು, ಮೀಟರ್ ಸರಿಯಾಗಿಯೇ ಇದೆ, ಬೇರೆಯವರ ಮನೆಯನ್ನು ಕರಾರುವಾಕ್ಕಾಗಿ ಅಳೆಯುತ್ತಿದೆ. ಆ ಒಂದು ವರದಿ ಫೈಲಿಗೆ ಸೇರಿತೋ, ಆಮೇಲೆ ಯಾರ ಹತ್ತಿರ ಹೋದರೂ ಅದನ್ನೇ ತೆಗೆದು ನಿನ್ನ ಮುಂದಿಡುತ್ತಾರೆ. ಆದ್ದರಿಂದ "ಮೀಟರ್ ದೋಷ" ಅಂತ ದೂರು ಬರೆಯಬೇಡ. "ಮೀಟರ್ ಸಂಪರ್ಕ ಅದಲುಬದಲಾಗಿದೆ, ಸ್ಥಳ ಪರಿಶೀಲನೆ ಮಾಡಿ" ಅಂತ ಬರೆ.

ಆ ಕಾಗದ ಬರೆಯುವ ಮೊದಲು ಪಕ್ಕದ ಮನೆಯ ಬೆಲ್ ಒತ್ತು. ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಕಂಪನಿಯ ಲೆಕ್ಕದಲ್ಲಿ ಇಬ್ಬರ ಯೂನಿಟ್ ಕೂಡಿದರೆ ಮೊತ್ತ ಸರಿಯಾಗಿಯೇ ಇರುತ್ತದೆ, ಅವರಿಗೆ ಒಂದು ಯೂನಿಟ್ಟೂ ನಷ್ಟವಾಗಿಲ್ಲ. ಹಾಗಾಗಿ ಮೇಜಿನ ಆಚೆ ಕೂತವರಿಗೆ ಅವಸರವೂ ಇರುವುದಿಲ್ಲ. ಒಬ್ಬರ ಅರ್ಜಿ ಬಂದರೆ ಅದು ಜಗಳ, ಇಬ್ಬರೂ ಸಹಿ ಹಾಕಿದ ಅರ್ಜಿ ಬಂದರೆ ಅದು ತಿದ್ದುಪಡಿ. ಜಗಳದ ಫೈಲು ಕೆಳಗೆ ಹೋಗುತ್ತದೆ, ತಿದ್ದುಪಡಿಯ ಫೈಲು ಮೇಲೆ ಬರುತ್ತದೆ. ನಾನು ಅಲ್ಲಿ ಕೂತವಳು, ನನಗೆ ಗೊತ್ತು.

ಹೋದಾಗ "ಇಷ್ಟು ದಿನ ನಮ್ಮ ದುಡ್ಡಿನಲ್ಲಿ ಕರೆಂಟ್ ಉರಿಸಿದ್ದೀರಿ" ಅಂತ ಶುರು ಮಾಡಬೇಡ. ಅವರಿಗೆ ಇದು ಗೊತ್ತೇ ಇರಲಿಕ್ಕಿಲ್ಲ. ಕಡಿಮೆ ಬಿಲ್ ಬಂದಾಗ ಕಾರಣ ಹುಡುಕಿಕೊಂಡು ಹೋಗುವವರು ಲೋಕದಲ್ಲಿ ಇಲ್ಲ, ನೀನೂ ಹೋಗುತ್ತಿರಲಿಲ್ಲ. "ಅಂಕಲ್, ನಮ್ಮಿಬ್ಬರ ಮೀಟರ್ ಅದಲುಬದಲಾಗಿರಬಹುದು ಅನ್ನಿಸುತ್ತಿದೆ, ಹತ್ತು ನಿಮಿಷ ಕೆಳಗೆ ಬರುತ್ತೀರಾ, ಒಟ್ಟಿಗೆ ನೋಡೋಣ" ಅನ್ನು. ದುಡ್ಡಿನ ಮಾತು ಆ ದಿನ ಎತ್ತಲೇಬೇಡ. ನೀನೊಬ್ಬನೇ ಮೊದಲೇ ನೋಡಿದ್ದರೂ ಅವರ ಮುಂದೆ ಇನ್ನೊಮ್ಮೆ ಗೀಸರ್ ಹಾಕಿ ತೆಗೆ. ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವುದು ಕಷ್ಟ. ಅಸೋಸಿಯೇಶನ್ ಸೆಕ್ರೆಟರಿಯನ್ನು ಸಾಕ್ಷಿಗೆ ಕರೆ. ಮೀಟರಿನ ಸೀರಿಯಲ್ ನಂಬರ್ ಕಾಣುವ ಹಾಗೆ ವಿಡಿಯೊ ಮಾಡಿಕೊ. ಆಮೇಲೆ ಒಂದು ಹಾಳೆಯಲ್ಲಿ ಎರಡೂ ಆರ್.ಆರ್. ನಂಬರ್, ಎರಡೂ ಸೀರಿಯಲ್ ನಂಬರ್, ಆ ದಿನದ ಎರಡೂ ರೀಡಿಂಗ್ ಬರೆದು ಮೂವರೂ ಸಹಿ ಹಾಕಿ. ಬಾಡಿಗೆಗೆ ಇರುವವರಾದರೆ ಅವರ ಓನರ್‌ಗೂ ತಿಳಿಸಬೇಕು. ನಾಳೆ ಅವರು ಮನೆ ಬಿಟ್ಟು ಹೋದರೆ ಅಡ್ವಾನ್ಸ್ ಹಿಂದಿರುಗಿಸುವ ಹೊತ್ತಿನಲ್ಲಿ ಈ ಲೆಕ್ಕ ಎಲ್ಲರ ಕೊರಳಿಗೂ ಸುತ್ತಿಕೊಳ್ಳುತ್ತದೆ.

ದುಡ್ಡಿನ ಲೆಕ್ಕ ನೀನು ಅಂದುಕೊಂಡಷ್ಟು ನೇರವಲ್ಲ. ನಿನ್ನ ಪೂರ್ತಿ ಬಿಲ್ ವಾಪಸು ಕೊಡಿ ಅನ್ನುವ ಹಾಗಿಲ್ಲ. ಸ್ಥಿರ ಶುಲ್ಕ ನಿನ್ನ ಮಂಜೂರಾದ ಲೋಡಿಗೆ ಬರುವುದು, ಮನೆ ಖಾಲಿ ಇದ್ದರೂ ಅದು ನಿನ್ನದೇ. ಯೂನಿಟ್ಟಿನ ದುಡ್ಡು, ಅದರ ಮೇಲಿನ ಶೇ 9 ತೆರಿಗೆ, ಯೂನಿಟ್ ಲೆಕ್ಕದಲ್ಲಿ ಬರುವ ಇತರ ಸೇರ್ಪಡೆಗಳು, ಇಷ್ಟು ಮಾತ್ರ ಕೇಳಬಹುದು. ದರವೂ ವರ್ಷ ವರ್ಷ ಬೇರೆ. 2023-24ರಲ್ಲಿ 100 ಯೂನಿಟ್ಟಿನೊಳಗಿದ್ದರೆ ಯೂನಿಟ್‌ಗೆ 4 ರೂಪಾಯಿ 75 ಪೈಸೆ, ಅದನ್ನು ದಾಟಿದರೆ ಅಷ್ಟಕ್ಕೂ 7 ರೂಪಾಯಿ. 2024ರ ಏಪ್ರಿಲ್‌ನಿಂದ ಸ್ಲ್ಯಾಬ್ ಹೋಗಿ ಎಲ್ಲಕ್ಕೂ 5 ರೂಪಾಯಿ 90 ಪೈಸೆ ಆಯಿತು, 2025ರ ಏಪ್ರಿಲ್‌ನಿಂದ 5 ರೂಪಾಯಿ 80 ಪೈಸೆ. ಈಗಿನ ದರ ಹಿಡಿದು ಮೂರು ವರ್ಷದ್ದನ್ನು ಒಟ್ಟಿಗೆ ಗುಣಿಸಿ ಇಟ್ಟರೆ ಅವರು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ತಿಂಗಳು ತಿಂಗಳಾಗಿ ಬರೆ. ಹಳೆಯ ಬಿಲ್ ಇಟ್ಟುಕೊಂಡಿಲ್ಲ ಅಂತ ಗೊತ್ತು, ಎರಡೂ ಆರ್.ಆರ್. ನಂಬರಿನ ಹಳೆಯ ರೀಡಿಂಗ್ ಪಟ್ಟಿ ಕೊಡಿ ಅಂತ ಉಪವಿಭಾಗದ ಕಂದಾಯ ಶಾಖೆಯಲ್ಲಿ ಕೇಳು.

ಇದರ ಮೇಲೆ ಗೃಹಜ್ಯೋತಿ. 2023ರ ಜುಲೈ ಬಳಕೆಯಿಂದ 200 ಯೂನಿಟ್ಟಿನವರೆಗೆ ಉಚಿತ ಅಂತ ಬಂತಲ್ಲ. ಎಲ್ಲರಿಗೂ 200 ಅಲ್ಲ, 2022-23ರ ತಿಂಗಳ ಸರಾಸರಿಯ ಮೇಲೆ ಶೇ 10 ಸೇರಿಸಿ ಪ್ರತಿ ಅಕೌಂಟಿಗೂ ಒಂದು ಮಿತಿ ಕಟ್ಟಿದರು. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಈಗ ನಿನ್ನ ವಿಷಯ ನೋಡು. ಖಾಲಿ ಮನೆ ಅಂತ ನೀನು ನೋಂದಣಿ ಮಾಡಿಸಿಲ್ಲ, ಹಾಗಾಗಿ 180ಕ್ಕೂ ದುಡ್ಡು ಕಟ್ಟುತ್ತಿದ್ದೀಯ. ಪಕ್ಕದವರು ತಮ್ಮ ಆಧಾರ್ ಕೊಟ್ಟು ತಮ್ಮ ಅಕೌಂಟಿಗೆ ನೋಂದಾಯಿಸಿದ್ದಾರೆ, ಅದರಲ್ಲಿ ಓಡುತ್ತಿರುವುದು ನಿನ್ನ ಖಾಲಿ ಮನೆಯ ಮೀಟರ್. ನೀನು ಹೋಗಿ ದುಡ್ಡು ಕೇಳಿದರೆ ಅವರು, "ನಮ್ಮ ಸರಿಯಾದ ಮೀಟರಿನಲ್ಲೇ ಓಡಿದ್ದರೆ ನಮಗೆ ಸೊನ್ನೆ ಬಿಲ್ ಬರುತ್ತಿತ್ತು, ನಿಮಗೆ ಯಾಕೆ ಕೊಡಬೇಕು?" ಅನ್ನಬಹುದು. ಆ ಮಾತಿನಲ್ಲಿ ನ್ಯಾಯ ಇದೆ ಕಣೋ. ಅವರಿಗೆ ಹೆಚ್ಚೇನೂ ಲಾಭವಾಗಿಲ್ಲ, ನಿನಗೆ ನಷ್ಟವಾಗಿದೆ, ಉಳಿದದ್ದು ಸರ್ಕಾರದ ಸಬ್ಸಿಡಿ. ಆದ್ದರಿಂದ ಗೃಹಜ್ಯೋತಿಗೆ ಮೊದಲಿನ ತಿಂಗಳುಗಳನ್ನು, 200 ದಾಟಿದ ತಿಂಗಳುಗಳನ್ನು ಇಬ್ಬರೂ ಕೂತು ಕೈಯಿಂದ ಕೈಗೆ ತೀರಿಸಿಕೊಳ್ಳಿ. ಉಳಿದ ತಿಂಗಳುಗಳಿಗೆ ಎರಡೂ ಅಕೌಂಟಿನ ಬಿಲ್ ಮತ್ತೆ ಲೆಕ್ಕ ಹಾಕಿ, ಹೆಚ್ಚು ಕಟ್ಟಿದ್ದನ್ನು ನನ್ನ ಮುಂದಿನ ಬಿಲ್ಲುಗಳಿಗೆ ಹೊಂದಿಸಿಕೊಡಿ ಅಂತ ಕಚೇರಿಯಲ್ಲೇ ಕೇಳು. ಪಕ್ಕದವರ ಮಿತಿಯನ್ನೂ ಸರಿಯಾದ ಬಳಕೆಯ ಮೇಲೆ ಹೊಸದಾಗಿ ಕಟ್ಟಿ ಅಂತ ಅರ್ಜಿಯಲ್ಲಿ ಸೇರಿಸು. ಆ ಒಂದು ಸಾಲು ಕಂಡರೆ ಅವರು ಸಹಿ ಹಾಕಲು ಹಿಂದೆಮುಂದೆ ನೋಡುವುದಿಲ್ಲ.

ಅರ್ಜಿಯನ್ನು ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಹೆಸರಿಗೆ ಬರೆ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊ, ಆದರೆ ಅಷ್ಟಕ್ಕೇ ನಿಲ್ಲಿಸಬೇಡ. ಫೋನಿನ ದೂರು ಬಹಳ ಸಲ ಲೈನ್‌ಮನ್ ಬಂದು ಹೋಗುವುದರೊಂದಿಗೆ ಮುಗಿದುಹೋಗುತ್ತದೆ. ಕಾಗದವನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊ. ಜೂನಿಯರ್ ಇಂಜಿನಿಯರ್ (ಜೆ.ಇ.) ಸ್ಥಳಕ್ಕೆ ಬಂದಾಗ ನೀನು ಇಲ್ಲದಿದ್ದರೆ ಇನ್ಯಾರಾದರೂ ಕೀಲಿ ಹಿಡಿದು ಇರಲಿ. ಅವರು ಬರೆದ ಪರಿಶೀಲನಾ ವರದಿಯ ನಕಲು ಕೇಳು. ಅಲ್ಲಿ ಕೆಲಸ ಆಗದಿದ್ದರೆ ಜಿಲ್ಲೆಗೊಂದು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅಲ್ಲಿಯೂ ಸಮಾಧಾನ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್. ಎರಡೂ 2003ರ ವಿದ್ಯುತ್ ಕಾಯ್ದೆಯಲ್ಲೇ ಇರುವ ವ್ಯವಸ್ಥೆ, ಕೋರ್ಟಿನ ಮೆಟ್ಟಿಲು ಆಮೇಲಿನ ಮಾತು.

ಅಲ್ಲಿಯವರೆಗೆ ಬಿಲ್ ಕಟ್ಟದೆ ಹಟ ಹಿಡಿಯಬೇಡ. ಬಾಕಿ ಬಿದ್ದರೆ 15 ದಿನದ ಲಿಖಿತ ನೋಟಿಸ್ ಕೊಟ್ಟು ಸಂಪರ್ಕ ಕಡಿಯುವ ಅಧಿಕಾರ ಅವರಿಗೆ ಇದೆ. ಆ ಅಧಿಕಾರ ಕೊಟ್ಟ ಕಾಯ್ದೆಯ 56ನೇ ಸೆಕ್ಷನ್ನಿನಲ್ಲೇ ಗ್ರಾಹಕನಿಗೂ ಒಂದು ದಾರಿ ಇಟ್ಟಿದ್ದಾರೆ. ಕೇಳಿದ ಮೊತ್ತ, ಇಲ್ಲವೇ ಹಿಂದಿನ ಆರು ತಿಂಗಳು ಕಟ್ಟಿದ್ದರ ಸರಾಸರಿ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ತಕರಾರು ತೀರುವವರೆಗೆ ಕಡಿಯುವಂತಿಲ್ಲ. ಆನ್‌ಲೈನಿನಲ್ಲಿ ಸುಮ್ಮನೆ ಕಟ್ಟಿಬಿಟ್ಟರೆ ಆಕ್ಷೇಪಣೆ ಎಲ್ಲಿ ದಾಖಲಾಗುತ್ತದೆ? ಒಂದು ಪತ್ರ ಕೊಟ್ಟೇ ಕಟ್ಟು. ನಿಮ್ಮ ಅಸೋಸಿಯೇಶನ್ನಿನಲ್ಲಿ ಯಾರೋ ಹೇಳಿದರಂತಲ್ಲ, ಎರಡು ವರ್ಷ ದಾಟಿದ ಬಾಕಿ ಕೇಳುವ ಹಾಗಿಲ್ಲ ಅಂತ, ಅದು ಅರ್ಧ ಸತ್ಯ. ತಪ್ಪಿನಿಂದ ಬಿಟ್ಟುಹೋದ ಮೊತ್ತವನ್ನು ತಪ್ಪು ಗೊತ್ತಾದ ಮೇಲೆ ಕೇಳಬಹುದು, ಆದರೆ ಎರಡು ವರ್ಷದ ಗಡುವು ಮೀರಿದ್ದರೆ ಅದಕ್ಕಾಗಿ ಕರೆಂಟ್ ಕಡಿದು ಹೆದರಿಸುವ ಹಾಗಿಲ್ಲ ಅಂತ 2020ರಲ್ಲಿ ಅಜ್ಮೇರ್ ವಿದ್ಯುತ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಕ್ಕದ ಮನೆಯವರಿಗೆ ದೊಡ್ಡ ಬಾಕಿ ಬಿಲ್ ಬಂದು ಅವರು ಗಾಬರಿಯಾದರೆ ಇದನ್ನು ನೀನೇ ಅವರಿಗೆ ಹೇಳು.

ಮೀಟರಿನ ಮುಚ್ಚಳಕ್ಕೆ ಸೀಲು ಹಾಕಿರುತ್ತಾರೆ. ಎಲೆಕ್ಟ್ರಿಷಿಯನ್ "ಐದು ನಿಮಿಷದ ಕೆಲಸ ಸಾರ್, ತಂತಿ ಅದಲುಬದಲು ಮಾಡಿಬಿಡುತ್ತೇನೆ" ಅಂದರೆ ಬೇಡ ಅನ್ನು. ಸೀಲು ಒಡೆದು ಮೀಟರಿಗೆ ಕೈ ಹಾಕಿದರೆ ಅದು ಅಪರಾಧ, ಮೂರು ವರ್ಷದವರೆಗೆ ಜೈಲು ಅಂತ ಕಾಯ್ದೆಯಲ್ಲಿದೆ. ನಿಜವಾದ ದೂರುದಾರನಾಗಿದ್ದ ನೀನು ಅವರ ಕಣ್ಣಿಗೆ ಕಳ್ಳನಾಗುತ್ತೀಯ. ಮೀಟರ್ ದಾಟಿದ ಮೇಲಿನ ಎಂ.ಸಿ.ಬಿ.ಯ ಕೆಳಗಿನ ತಂತಿ ನಿನ್ನದು. ಅಲ್ಲಿಯೇ ಬದಲಾಯಿಸಲು ಸಾಧ್ಯವಿದ್ದರೂ ಕಂಪನಿಯವರು ನಿಂತು ನೋಡುವಾಗಲೇ ಮಾಡಿಸು.

ಸರಿಪಡಿಸಲು ಎರಡು ದಾರಿ ಇವೆ. ತಂತಿಯನ್ನು ಅದರದರ ಮೀಟರಿಗೆ ತಿರುಗಿಸಬಹುದು, ಇಲ್ಲವೇ ತಂತಿ ಇದ್ದ ಹಾಗೇ ಬಿಟ್ಟು ದಾಖಲೆಯಲ್ಲಿ ಮೀಟರ್ ನಂಬರ್ ಅದಲುಬದಲು ಮಾಡಬಹುದು. ಎರಡರಲ್ಲಿ ಒಂದನ್ನು ಮಾತ್ರ ಮಾಡಬೇಕು. ಸೋಮವಾರ ಜೆ.ಇ. ನಿಂತು ತಂತಿ ಬದಲಾಯಿಸಿದರು, ಶುಕ್ರವಾರ ಕಂದಾಯ ಶಾಖೆಯವರು ಅರ್ಜಿ ನೋಡಿ ಕಂಪ್ಯೂಟರಿನಲ್ಲಿ ನಂಬರ್ ಬದಲಾಯಿಸಿದರು ಅಂತಾದರೆ ಎಲ್ಲ ಮತ್ತೆ ಮೊದಲಿನಂತೆಯೇ. ಇಂಥ ಫೈಲು ನನ್ನ ಮೇಜಿಗೆ ಬಂದಾಗ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ನನ್ನನ್ನು ಕೇಳಿದರೆ ತಂತಿ ಬದಲಾಯಿಸುವುದೇ ಒಳ್ಳೆಯದು. ಮುಂದೆ ಮನೆ ಮಾರುವಾಗಲೂ ತಕರಾರು ಇರುವುದಿಲ್ಲ, ಗೋಡೆಯ ಮೇಲಿನ ನಂಬರಿಗೂ ಕಾಗದಕ್ಕೂ ತಾಳೆ ಇರುತ್ತದೆ. ಯಾವ ದಾರಿ ಅನ್ನುವುದನ್ನು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆದು, ಇನ್ನೊಂದನ್ನು ಮಾಡಬಾರದು ಅಂತಲೂ ಸೇರಿಸು.

ಇನ್ನು ಭದ್ರತಾ ಠೇವಣಿ. ಅದು ಎರಡು ತಿಂಗಳ ಬಿಲ್ಲಿನ ಲೆಕ್ಕದ ಮೇಲೆ ಇರುವುದು, ಬಳಕೆ ಹೆಚ್ಚಾಯಿತು ಅಂತ ಹೆಚ್ಚುವರಿ ಠೇವಣಿ ಕೇಳಿ ನೀನು ಕಟ್ಟಿದ್ದರೆ ಅದನ್ನೂ ಮರುಲೆಕ್ಕದಲ್ಲಿ ಸೇರಿಸಲು ಹೇಳು. ಇದನ್ನು ಅರ್ಜಿದಾರರೂ ಮರೆಯುತ್ತಾರೆ, ಕಚೇರಿಯವರು ತಾವಾಗಿ ನೆನಪಿಸುವುದೂ ಇಲ್ಲ.

ತಂತಿ ಬದಲಾಯಿಸಿದ ದಿನ ಎರಡೂ ಮೀಟರಿನ ರೀಡಿಂಗ್ ಫೋಟೊ ತೆಗೆದು ಪಕ್ಕದವರಿಗೂ ಕಳಿಸು. ಮುಂದಿನ ಬಿಲ್ ಬಂದಾಗ ಮೊತ್ತಕ್ಕಿಂತ ಮೊದಲು "ಹಿಂದಿನ ರೀಡಿಂಗ್" ಅನ್ನುವ ಕಡೆ ನೋಡು. ದಾಖಲೆ ತಿದ್ದುವ ದಾರಿ ಹಿಡಿದಿದ್ದರೆ ಇದು ಇನ್ನೂ ಮುಖ್ಯ. ಹಿಂದಿನ ರೀಡಿಂಗ್ ಒಂದು ಮೀಟರಿನದು, ಈಗಿನದು ಇನ್ನೊಂದರದು ಆಗಿಬಿಟ್ಟರೆ ಒಬ್ಬರಿಗೆ ಸಾವಿರಾರು ಯೂನಿಟ್ ಬಿಲ್ ಬರುತ್ತದೆ, ಇನ್ನೊಬ್ಬರದು ಲೆಕ್ಕಕ್ಕೇ ಸಿಗದೆ ಸರಾಸರಿ ಬಿಲ್ ಆಗುತ್ತದೆ. ಹಾಗಾದರೆ ದುಡ್ಡು ಕಟ್ಟದೆ ಅದೇ ದಿನ ಕಂದಾಯ ಶಾಖೆಗೆ ಹೋಗಿ ಫೋಟೊ ತೋರಿಸು, ಬಿಲ್ ರದ್ದು ಮಾಡಿ ಹೊಸದು ಕೊಡುತ್ತಾರೆ. ಎರಡು ತಿಂಗಳ ಬಿಲ್ ಸರಿಯಾಗಿ ಬಂದ ಮೇಲೆ ಪೇಂಟರನ್ನು ಕರೆಸಿ ಗೋಡೆಯ ಮೇಲೆ ಮನೆ ನಂಬರ್ ಬರೆಸಿ. ಅದಕ್ಕೆ ಮೊದಲು ಬೇಡ.